ನೆಟ್ ಹೋಯ್ತು: ದೋಷ ಫೈಬರಿನಲ್ಲೋ, ಪೆಟ್ಟಿಗೆಯಲ್ಲೋ, ಗಾಳಿಯಲ್ಲೋ?

"ನೆಟ್ ಬರ್ತಿಲ್ಲ" ಅನ್ನುವ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಕಾಯಿಲೆಗಳು ಇರಬಹುದು. ಬೀದಿಯ ಕಂಬದಿಂದ ಮನೆಯ ಪೆಟ್ಟಿಗೆಯವರೆಗೆ ಬರುವ ಗಾಜಿನ ಎಳೆಯದು ಒಂದು. ಪೆಟ್ಟಿಗೆಯಿಂದ ಫೋನಿನವರೆಗೆ ಗಾಳಿಯಲ್ಲಿ ಸಾಗುವ ವೈಫೈಯದು ಇನ್ನೊಂದು. ಇವೆರಡೂ ಸರಿಯಿದ್ದು ಅದರಾಚೆಗಿನ ಲಾಗಿನ್, ಡಿಎನ್ಎಸ್ (ಸೈಟಿನ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ) ಅಥವಾ ಕಂಪನಿಯ ಜಾಲ ಕೈಕೊಟ್ಟಿರುವುದು ಮತ್ತೊಂದು. ಕಂಬದ ಬುಡದಲ್ಲಿ ಫೈಬರ್ ಮಡಚಿಕೊಂಡಿರುವಾಗ ಸಾವಿರಾರು ರೂಪಾಯಿ ಸುರಿದು ಹೊಸ ರೂಟರ್ ತಂದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಯಾವ ತುಂಡಿನಲ್ಲಿ ದೋಷವಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಅದಕ್ಕೆ ಬೇಕಾದದ್ದು ಒಂದು ಲ್ಯಾನ್ ಕೇಬಲ್, ಒಂದು ಲ್ಯಾಪ್‌ಟಾಪ್ ಮತ್ತು ಹತ್ತು ನಿಮಿಷದ ತಾಳ್ಮೆ.

ಇಲ್ಲಿ ಹೇಳುವುದೆಲ್ಲ ಮನೆಗೇ ಫೈಬರ್ ಬಂದಿರುವ, ಜಿಪಾನ್ (GPON) ಎಂಬ ಬಗೆಯ ಸಂಪರ್ಕಗಳಿಗೆ ಅನ್ವಯ. ಗೋಡೆಗೆ ಸಿಕ್ಕಿಸಿದ ಬಿಳಿ ಅಥವಾ ಕಪ್ಪು ಪೆಟ್ಟಿಗೆಯನ್ನು ಕೆಲವರು ಮೋಡೆಮ್ ಎನ್ನುತ್ತಾರೆ, ಕೆಲವರು ರೂಟರ್ ಎನ್ನುತ್ತಾರೆ, ಲೈನ್‌ಮನ್ ಓಎನ್‌ಟಿ ಎನ್ನುತ್ತಾನೆ. ಮೂವರು ಹೇಳುವುದೂ ನಿಜ, ಈಗಿನ ಪೆಟ್ಟಿಗೆಗಳಲ್ಲಿ ಮೂರೂ ಒಂದರೊಳಗೇ ಇರುತ್ತವೆ.

ಸ್ವಿಚ್ ಆರಿಸುವ ಮೊದಲು

ನೆಟ್ ನಿಂತ ಕೂಡಲೇ ಕೈ ಹೋಗುವುದು ಸ್ವಿಚ್ಚಿಗೆ. ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ, ನಿಜ. ಆದರೆ ಅದರ ಜೊತೆ ಸಾಕ್ಷ್ಯವೂ ಅಳಿಸಿಹೋಗುತ್ತದೆ, ನಾಳೆ ಅದೇ ಹೊತ್ತಿಗೆ ಅದೇ ಕಾಯಿಲೆ ಮರಳುತ್ತದೆ. ಮೊದಲು ದೀಪಗಳ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಬ್ರೌಸರಿನಲ್ಲಿ 192.168.1.1 ಎಂದು ಟೈಪಿಸಿ ಪೆಟ್ಟಿಗೆಯ ಪುಟ ತೆರೆಯಿರಿ. ಕೆಲವದರಲ್ಲಿ ಈ ವಿಳಾಸ 192.168.0.1 ಅಥವಾ 192.168.100.1 ಇರಬಹುದು, ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್ ಸಾಮಾನ್ಯವಾಗಿ ಪೆಟ್ಟಿಗೆಯ ತಳದ ಚೀಟಿಯಲ್ಲಿರುತ್ತವೆ. ನೆಟ್ ಇಲ್ಲದಿದ್ದರೂ ಈ ಪುಟ ತೆರೆಯುತ್ತದೆ, ಏಕೆಂದರೆ ಅದು ಇರುವುದು ಪೆಟ್ಟಿಗೆಯೊಳಗೇ.

ಸ್ಟೇಟಸ್ ಪುಟದಲ್ಲಿ ಎರಡು ಗಡಿಯಾರಗಳನ್ನು ನೋಡಿ. ಪೆಟ್ಟಿಗೆ ಎಷ್ಟು ಹೊತ್ತಿನಿಂದ ಚಾಲೂ ಇದೆ ಎಂಬುದು ಒಂದು, ಇಂಟರ್‌ನೆಟ್ ಸಂಪರ್ಕ ಎಷ್ಟು ಹೊತ್ತಿನಿಂದ ಇದೆ ಎಂಬುದು ಇನ್ನೊಂದು. ಪೆಟ್ಟಿಗೆ 12 ದಿನದಿಂದ ಚಾಲೂ ಇದ್ದು ಸಂಪರ್ಕ ಮಾತ್ರ 9 ನಿಮಿಷದ್ದಾದರೆ, ಕಡಿದದ್ದು ಫೈಬರಿನಲ್ಲಿ ಇಲ್ಲವೇ ಕಂಪನಿಯ ಕಡೆ. ಕರೆಂಟ್ ಹೋಗಿರದೆ ಎರಡೂ 9 ನಿಮಿಷವೇ ಆಗಿದ್ದರೆ ಪೆಟ್ಟಿಗೆಯೇ ತಾನಾಗಿ ಬಂದ್ ಆಗಿ ಎದ್ದಿದೆ. ಅನುಮಾನ ಅಡಾಪ್ಟರಿನ ಮೇಲೆ, ಇಲ್ಲವೇ ಬಿಸಿಯ ಮೇಲೆ. ಎರಡೂ 12 ದಿನ ಎನ್ನುತ್ತಿದ್ದು ಫೋನಿನಲ್ಲಿ ಮಾತ್ರ ನೆಟ್ ಇಲ್ಲವಾದರೆ ಮೊದಲು ವೈಫೈ ನೋಡಿ. ಇಷ್ಟು ಸುಲಭದ ಪರೀಕ್ಷೆಯನ್ನು ಕಸ್ಟಮರ್ ಕೇರ್‌ನವರು ಯಾಕೆ ಕೇಳುವುದಿಲ್ಲವೋ!

ಒಂದು ಎಚ್ಚರಿಕೆ. ಪೆಟ್ಟಿಗೆಯ ಹಿಂದೆ ಸೂಜಿ ತೂರುವಷ್ಟು ಸಣ್ಣ ತೂತಿನೊಳಗೆ ಇರುವ ರೀಸೆಟ್ ಬಟನ್ ಒತ್ತಬೇಡಿ. ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಕಂಪನಿಯವರು ಹಾಕಿದ್ದ ವಿಲ್ಯಾನ್ ಸಂಖ್ಯೆ (ಅವರ ಜಾಲದಲ್ಲಿ ನಿಮ್ಮ ಸಂಪರ್ಕದ ದಾರಿಯ ಗುರುತು), ಪಿಪಿಪಿಓಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತವೆ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಸಣ್ಣ ತೊಂದರೆಯನ್ನು ಎರಡು ದಿನದ ತೊಂದರೆ ಮಾಡಿಕೊಳ್ಳಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ದೀಪಗಳ ಭಾಷೆ

ಮುಖ್ಯವಾದವು ಎರಡು: ಪಾನ್ (PON) ಮತ್ತು ಲಾಸ್ (LOS). ಪಾನ್ ದೀಪ ಹಸಿರಾಗಿ ನಿಂತಿದ್ದರೆ ಪೆಟ್ಟಿಗೆ ಕಂಪನಿಯ ಎಕ್ಸ್‌ಚೇಂಜಿನ ಯಂತ್ರದ ಜೊತೆ ಮಾತಾಡುತ್ತಿದೆ. ಲಾಸ್ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ, ಇಲ್ಲವೇ ಓದಲಾಗದಷ್ಟು ಕ್ಷೀಣವಾಗಿದೆ. ಆಗ ವೈಫೈ ಪಾಸ್‌ವರ್ಡ್ ಬದಲಿಸಿ, ಫೋನ್ ರೀಸ್ಟಾರ್ಟ್ ಮಾಡಿ ಏನೂ ಪ್ರಯೋಜನವಿಲ್ಲ.

ಮೂರನೆಯ ಸ್ಥಿತಿಯೊಂದಿದೆ, ಇದು ಲೈನ್‌ಮನ್‌ಗಳನ್ನೂ ಆಟವಾಡಿಸುತ್ತದೆ: ಲಾಸ್ ಆರಿದೆ, ಆದರೆ ಪಾನ್ ಮಿನುಗುತ್ತಲೇ ಇದೆ. ಅಂದರೆ ಬೆಳಕು ಬರುತ್ತಿದೆ, ನೋಂದಣಿ ಆಗುತ್ತಿಲ್ಲ. ಪೆಟ್ಟಿಗೆ ಬದಲಿಸಿದ ಮೇಲೆ ಹೀಗಾದರೆ ಹೊಸ ಪೆಟ್ಟಿಗೆಯ ಸೀರಿಯಲ್ ನಂಬರನ್ನು ಕಂಪನಿಯ ಕಡೆ ಸೇರಿಸಿಲ್ಲ ಎಂದೇ ಲೆಕ್ಕ. ಏನೂ ಬದಲಿಸದೆ, ಬೀದಿಯ ಹತ್ತಾರು ಮನೆಗಳಲ್ಲಿ ಒಟ್ಟಿಗೇ ಹೀಗಾಗುತ್ತಿದ್ದರೆ ಬೇರೆ ಯಾರದೋ ಮನೆಯ ಕೆಟ್ಟ ಪೆಟ್ಟಿಗೆ ಕಾರಣವಿರಬಹುದು. ಒಂದೇ ಎಳೆಯನ್ನು 32 ಅಥವಾ 64 ಮನೆಗಳು ಹಂಚಿಕೊಂಡಿರುತ್ತವೆ, ಮೇಲಕ್ಕೆ ಡೇಟಾ ಕಳಿಸಲು ಪ್ರತಿ ಪೆಟ್ಟಿಗೆಗೂ ಅದರದೇ ಸರದಿ ಇರುತ್ತದೆ. ಸರದಿ ಮೀರಿ ಒಂದು ಪೆಟ್ಟಿಗೆ ಸದಾ ಬೆಳಕು ಬಿಡುತ್ತಿದ್ದರೆ ಉಳಿದವರ ಮಾತು ಯಂತ್ರಕ್ಕೆ ಕೇಳಿಸುವುದಿಲ್ಲ. ಇದನ್ನು ನಿಮ್ಮ ಮನೆಯಲ್ಲಿ ಕೂತು ಹುಡುಕಲಾಗದು. ಒಂದು ಎಳೆಯ ಬೆಳಕನ್ನು ಹಲವು ಮನೆಗಳಿಗೆ ಕವಲಾಗಿಸುವ ಸ್ಪ್ಲಿಟರಿನಲ್ಲಿ ಒಂದೊಂದೇ ಎಳೆ ಕಳಚಿ ನೋಡುವ ಕೆಲಸ.

ಬೆಳಕಿನ ಲೆಕ್ಕ

ಪೆಟ್ಟಿಗೆಯ ಪುಟದಲ್ಲಿ ಪಾನ್ ಅಥವಾ ಆಪ್ಟಿಕಲ್ ಎಂಬ ಹೆಸರಿನಡಿ ಆರ್‌ಎಕ್ಸ್ ಪವರ್ ಎಂಬ ಸಂಖ್ಯೆ ಇರುತ್ತದೆ, ಡಿಬಿಎಂ ಲೆಕ್ಕದಲ್ಲಿ. ಇದು ಮನೆಗೆ ಮುಟ್ಟುತ್ತಿರುವ ಬೆಳಕಿನ ಬಲ. ಋಣ ಸಂಖ್ಯೆ ಅಂತ ಗಾಬರಿ ಬೇಡ. ಸೊನ್ನೆಯಿಂದ ಎಷ್ಟು ದೂರವೋ ಬೆಳಕು ಅಷ್ಟು ಕಡಿಮೆ. −15ರಿಂದ −24ರವರೆಗೆ ಆರಾಮ. −25ರ ಆಚೆ ಅಂಚಿನ ಮೇಲಿನ ನಡಿಗೆ. ಸಾಮಾನ್ಯ ಬಿ ಪ್ಲಸ್ ದರ್ಜೆಯ ಪೆಟ್ಟಿಗೆಗಳ ಮಿತಿ −27. ಅದು ದಾಟಿದರೆ ಸಂಪರ್ಕ ಬಂದು ಹೋಗಿ ಮಾಡುತ್ತದೆ, ಆಮೇಲೆ ಕೆಂಪು ದೀಪ. ಬೆಳಕೇ ಇಲ್ಲದಾಗ ಕೆಲವು ಪೆಟ್ಟಿಗೆಗಳು −40 ಎಂದು ತೋರಿಸುತ್ತವೆ.

ಈ ಲೆಕ್ಕದಲ್ಲಿ 3 ಡಿಬಿ ಕಡಿಮೆಯಾದರೆ ಬೆಳಕು ಅರ್ಧಕ್ಕೆ ಇಳಿದಂತೆ, 10 ಡಿಬಿ ಕಡಿಮೆಯಾದರೆ ಹತ್ತನೇ ಒಂದು ಪಾಲು ಉಳಿದಂತೆ. ಎಕ್ಸ್‌ಚೇಂಜಿನ ಯಂತ್ರ +3ರಲ್ಲಿ ಬೆಳಕು ಬಿಡುತ್ತದೆ ಎಂದಿಟ್ಟುಕೊಳ್ಳಿ. 32 ಮನೆಗೆ ಹಂಚುವ ಸ್ಪ್ಲಿಟರ್ ಸುಮಾರು 17 ಡಿಬಿ ನುಂಗುತ್ತದೆ. ಐದು ಕಿಲೋಮೀಟರ್ ಫೈಬರಿಗೆ ಒಂದೂಕಾಲು ಡಿಬಿ. ದಾರಿಯಲ್ಲಿನ ಜೋಡಣೆಗಳು, ಕನೆಕ್ಟರುಗಳು ಸೇರಿ ಎರಡು. ಮನೆಗೆ ಮುಟ್ಟುವುದು −17ರ ಆಸುಪಾಸು. ಸ್ಪ್ಲಿಟರ್ ನುಂಗುವುದರ ಮುಂದೆ ಐದು ಕಿಲೋಮೀಟರ್ ಏನೇನೂ ಅಲ್ಲ! "ನಿಮ್ಮ ಮನೆ ದೂರ, ಅದಕ್ಕೇ ಸಿಗ್ನಲ್ ಕಮ್ಮಿ" ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ. ಅಷ್ಟೇ ಸ್ಪ್ಲಿಟರ್ ಇದ್ದೂ −26 ಬರುತ್ತಿದೆಯೆಂದರೆ ಎಲ್ಲೋ ಒಂದು ಮಡಿಕೆ, ಒಂದು ಕೊಳೆ ಅಥವಾ ಒಂದು ಕೆಟ್ಟ ಜೋಡಣೆ 9 ಡಿಬಿ ತಿನ್ನುತ್ತಿದೆ.

ಮನೆಯೊಳಗೆ ಹುಡುಕಬೇಕಾದ ಜಾಗಗಳು ಇವು. ಮೊದಲನೆಯದು ಮಡಿಕೆ. ಟಿವಿ ಸ್ಟ್ಯಾಂಡನ್ನು ಗೋಡೆಗೆ ಒತ್ತಿ ತಳ್ಳಿದಾಗ ಹಿಂದಿನ ಹಳದಿ ಅಥವಾ ಬಿಳಿ ಪ್ಯಾಚ್ ಕಾರ್ಡ್ (ಪೆಟ್ಟಿಗೆಗೆ ಸಿಕ್ಕಿಸುವ ತುಂಡು ಫೈಬರ್ ಕೇಬಲ್) ಕನೆಕ್ಟರಿನ ಬುಡದಲ್ಲೇ ಮೊಣಕೈಯಂತೆ ಬಾಗುತ್ತದೆ. ಹೆಚ್ಚುವರಿ ಕೇಬಲ್ಲನ್ನು ಸುತ್ತಿ ರಬ್ಬರ್ ಬ್ಯಾಂಡ್ ಬಿಗಿಯುವುದೂ ಇದೇ ತಪ್ಪು. ಮಾಮೂಲಿ ಫೈಬರ್ ಕನಿಷ್ಠ 3 ಸೆಂಟಿಮೀಟರ್ ತ್ರಿಜ್ಯದ ಸುತ್ತು ಕೇಳುತ್ತದೆ, ಅಂದರೆ ಸ್ಟೀಲ್ ಕಾಫಿ ಲೋಟದ ಬಾಯಿಯಷ್ಟು ಅಗಲ. ಬಾಗಿಸಿಕೊಳ್ಳಬಲ್ಲ ಹೊಸ ಬಗೆಯ ಎಳೆಗಳು ಇದಕ್ಕಿಂತ ಚಿಕ್ಕ ಸುತ್ತನ್ನೂ ತಾಳುತ್ತವೆ, ಆದರೆ ಹೊರಗಿನಿಂದ ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ. ಪುಟವನ್ನು ತೆರೆದಿಟ್ಟುಕೊಂಡು ಕೇಬಲ್ಲನ್ನು ಮೆಲ್ಲಗೆ ಸಡಿಲಿಸಿ, ರಿಫ್ರೆಶ್ ಮಾಡಿ. −26 ಇದ್ದದ್ದು −21ಕ್ಕೆ ಬಂದರೆ ಕಳ್ಳ ಸಿಕ್ಕಿದ.

ಎರಡನೆಯದು ಕೊಳೆ. ಕನೆಕ್ಟರಿನ ಬಿಳಿ ಪಿಂಗಾಣಿ ತುದಿ 2.5 ಮಿಲಿಮೀಟರ್ ದಪ್ಪ. ಅದರ ನಡುವೆ ಬೆಳಕು ಹಾಯುವ ತಿರುಳು ಬರೀ 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಬೆರಳು ತಾಗಿದರೆ ಮೈಯೆಣ್ಣೆಯೇ ಅದನ್ನು ಮುಚ್ಚುತ್ತದೆ. ಅಂಗಿಯ ತುದಿಯಿಂದ ಒರೆಸುವುದು, ಬಾಯಿಂದ ಊದುವುದು ಎರಡೂ ಬೇಡ. ಎಳೆ ಬಿಡದ ಒಣ ವೈಪ್, ಬೇಕಿದ್ದರೆ ಒಂದು ಹನಿ ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್, ಒಂದೇ ದಿಕ್ಕಿಗೆ ಒಂದು ಎಳೆತ. ಮತ್ತೆ ಸಿಕ್ಕಿಸುವಾಗ ಕನೆಕ್ಟರಿನ ಏಣು ತೂತಿನ ಕಚ್ಚಿಗೆ ಹೊಂದಿ, ಟಿಕ್ ಎಂದು ಕೂರಬೇಕು. ಕಳಚಿದ ತುದಿಯೊಳಗೆ ಇಣುಕಬೇಡಿ. 1490 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೆ ಇಲ್ಲವೆಂದಲ್ಲ.

ಮೂರನೆಯದು ಬಣ್ಣ. ಹಸಿರು ಕನೆಕ್ಟರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಎರಡೂ ಒಂದೇ ಅಳತೆಯವಾದ್ದರಿಂದ ಹಸಿರನ್ನು ನೀಲಿಗೆ ಸಿಕ್ಕಿಸಬಹುದು, ನೆಟ್ ಕೂಡ ಬಂದುಬಿಡಬಹುದು. ಆದರೆ ನಡುವೆ ಗಾಳಿಯ ಸಂದಿ ಉಳಿದು ಮೂರು ನಾಲ್ಕು ಡಿಬಿ ಸೋರುತ್ತದೆ. ಮಳೆ ಶುರುವಾದಾಗ, ಹೊರಗೆ ಇನ್ನೊಂದೆರಡು ಡಿಬಿ ಹೋದಾಗ, ಈ ತಪ್ಪು ಬಯಲಿಗೆ ಬರುತ್ತದೆ.

ಮನೆಯೊಳಗೆ ಎಲ್ಲ ಸರಿಯಿದ್ದೂ ಸಂಖ್ಯೆ ಏರದಿದ್ದರೆ ತಪ್ಪು ಹೊರಗಿದೆ, ಹೊತ್ತು ನೋಡಿ ಊಹಿಸಬಹುದು. ಮಳೆ ಬಂದಾಗ ಕೆಟ್ಟು ಬಿಸಿಲಿಗೆ ಸರಿಯಾದರೆ ಕಂಬದ ಮೇಲಿನ ಜಾಯಿಂಟ್ ಪೆಟ್ಟಿಗೆಗೆ ನೀರು ಇಳಿದಿದೆ. ಗಾಳಿ ಬೀಸಿದಾಗ ಮಾತ್ರ ಕಡಿದರೆ ಕಂಬದಿಂದ ಮನೆಗೆ ಎಳೆದ ಡ್ರಾಪ್ ಕೇಬಲ್ ತೆಂಗಿನ ಗರಿಗೋ ತಾರಸಿಯ ಅಂಚಿಗೋ ಉಜ್ಜುತ್ತಿದೆ. ಇಲಿ, ಅಳಿಲು ಕಡಿದರೆ ಪೂರ್ತಿ ಕೆಂಪು. ಲೈನ್‌ಮನ್ ಕೈಯಲ್ಲಿರುವ ಪೆನ್ನಿನಂಥ ಕೆಂಪು ಲೇಸರ್ ಬಿಟ್ಟರೆ ಮುರಿದ ಜಾಗದಲ್ಲಿ ಕೇಬಲ್ ಕೆಂಪಗೆ ಹೊಳೆಯುತ್ತದೆ. ಸಂಜೆಯ ಹೊತ್ತು ಇನ್ನೂ ಚೆನ್ನಾಗಿ ಕಾಣುತ್ತದೆ. ಕಪ್ಪು ದಪ್ಪ ಹೊದಿಕೆಯಿದ್ದರೆ ಈ ಉಪಾಯ ನಡೆಯದು.

ಅಡಾಪ್ಟರ್ ಎಂಬ ಬಡಪಾಯಿ

ಪೆಟ್ಟಿಗೆ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲ ಆರೋಪಿ ಅಡಾಪ್ಟರ್. ಹೆಚ್ಚಿನವು 12 ವೋಲ್ಟ್, 1 ಅಥವಾ 1.5 ಆಂಪಿಯರ್‌ನವು. ಎರಡು ಮೂರು ವರ್ಷ ಹಗಲು ರಾತ್ರಿ ಬಿಸಿಯಲ್ಲಿ ಬೆಂದ ಮೇಲೆ ಒಳಗಿನ ಕೆಪಾಸಿಟರ್ ಸೊರಗುತ್ತದೆ. ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ, ಏಕೆಂದರೆ ಆಗ ಅದರ ಮೇಲೆ ಭಾರವಿಲ್ಲ. ನಾಲ್ಕೈದು ಫೋನುಗಳು, ಒಂದು ಟಿವಿ ಸೇರಿ ವೈಫೈ ಪೂರ್ತಿ ಬಲದಲ್ಲಿ ಓಡುವಾಗ ವೋಲ್ಟೇಜ್ ಕುಸಿದು ಪೆಟ್ಟಿಗೆ ಮಲಗುತ್ತದೆ. ಲಕ್ಷಣ ಇದೇ: ರಾತ್ರಿ ಎಲ್ಲರೂ ಮನೆಯಲ್ಲಿದ್ದಾಗ ರೀಸ್ಟಾರ್ಟ್, ಹಗಲು ನೆಮ್ಮದಿ.

ಬದಲಿ ತರುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು, ಪಿನ್ನಿನ ದಪ್ಪ ಹೊಂದಬೇಕು, ನಡುವಿನ ಪಿನ್ ಧನವೋ ಋಣವೋ ಎಂಬ ಚಿತ್ರ ಎರಡರ ಮೇಲೂ ಒಂದೇ ಇರಬೇಕು. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಅದಲುಬದಲಾಗಿರುವುದು ಮನೆ ಸುಣ್ಣ ಬಣ್ಣ ಆದಮೇಲೆ ಸಾಮಾನ್ಯ. ಮಿನಿ ಯುಪಿಎಸ್ ಹಾಕಿದ್ದರೆ ಅದನ್ನು ತೆಗೆದು ನೇರ ಅಡಾಪ್ಟರಿನಲ್ಲಿ ಒಂದು ದಿನ ಓಡಿಸಿ ನೋಡಿ.

ಗುಡುಗಿನ ಕಾಲಕ್ಕೆ ಒಂದು ಮಾತು. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ಡ್ರಾಪ್ ಕೇಬಲ್ಲಿನ ಜೊತೆ ಬರುವ ಉಕ್ಕಿನ ತಂತಿ, ಕರೆಂಟಿನ ಲೈನು, ಸಿಸಿಟಿವಿಗೆ ಎಳೆದ ಉದ್ದದ ಲ್ಯಾನ್ ಕೇಬಲ್ ಇವುಗಳಲ್ಲಿ ಹರಿಯುತ್ತದೆ. ಉಕ್ಕಿನ ತಂತಿ ಹೊರಗಿನ ಕೊಕ್ಕೆಯಲ್ಲೇ ಕೊನೆಯಾಗಬೇಕು, ಮನೆಯೊಳಗೆ ಬರಬಾರದು. ಮಲೆನಾಡಿನಲ್ಲಿ ಏಪ್ರಿಲ್, ಮೇ ಮಳೆಗೆ ಒಂದೇ ಲ್ಯಾನ್ ಪೋರ್ಟ್ ಸುಟ್ಟು ಉಳಿದ ಮೂರು ಚೆನ್ನಾಗಿರುವ ಪೆಟ್ಟಿಗೆಗಳು ಬೇಕಾದಷ್ಟು ಸಿಗುತ್ತವೆ. ಕೇಬಲ್ ಪಕ್ಕದ ಪೋರ್ಟಿಗೆ ಹಾಕಿ ನೋಡದೆ ಪೆಟ್ಟಿಗೆ ಎಸೆಯಬೇಡಿ.

ಕೇಬಲ್ ಹಾಕಿ ನೋಡಿ

ಬೆಳಕು ಸರಿಯಿದೆ, ಪೆಟ್ಟಿಗೆ ಮಲಗುತ್ತಿಲ್ಲ, ಆದರೂ "ಸ್ಲೋ". ಈಗ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ಪೆಟ್ಟಿಗೆಗೆ ಜೋಡಿಸಿ, ಅದರ ವೈಫೈ ಆಫ್ ಮಾಡಿ, ಮನೆಯ ಉಳಿದ ಸಾಧನಗಳನ್ನು ನಿಲ್ಲಿಸಿ ಸ್ಪೀಡ್ ಟೆಸ್ಟ್ ಮಾಡಿ. ಕೇಬಲ್ಲಿನಲ್ಲಿ ಪೂರ್ತಿ ವೇಗ ಬಂದರೆ ದೋಷ ವೈಫೈಯದು. ಬರದಿದ್ದರೆ ಕಂಪನಿಯದು, ಇಲ್ಲವೇ ಕೇಬಲ್ಲಿನದೇ.

300 ಎಂಬಿಪಿಎಸ್ ಪ್ಲಾನಿಗೆ ಸರಿಯಾಗಿ 94 ಬಂದು ನಿಂತರೆ ಅದು ಕಂಪನಿಯ ಮೋಸವಲ್ಲ. 100 ಎಂಬಿಪಿಎಸ್ ಲ್ಯಾನ್ ಪೋರ್ಟಿನಲ್ಲಿ ಹೆಚ್ಚೆಂದರೆ ದಕ್ಕುವುದು ಅಷ್ಟೇ. ಗಿಗಾಬಿಟ್ ಓಡಲು ಕೇಬಲ್ಲಿನ ಎಂಟೂ ತಂತಿಗಳು ಬೇಕು, 100ಕ್ಕೆ ನಾಲ್ಕು ಸಾಕು. ಪ್ಲಗ್ಗಿನಲ್ಲಿ ಒಂದು ತಂತಿ ಸರಿಯಾಗಿ ಕ್ರಿಂಪ್ ಆಗದಿದ್ದರೆ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಕ್ಯಾಟ್ 5ಇ ಅಥವಾ 6ರ ರೆಡಿಮೇಡ್ ಕೇಬಲ್ ಹಾಕಿ ನೋಡಿ. ಹಾಗೂ 94 ಆದರೆ ಪೆಟ್ಟಿಗೆಯ ಅಥವಾ ಲ್ಯಾಪ್‌ಟಾಪಿನ ಪೋರ್ಟೇ 100ರದು. ಇನ್ನೊಂದು ಹಳೆಯ ಗೊಂದಲ: ಡೌನ್‌ಲೋಡ್ ಕಿಟಕಿಯಲ್ಲಿ ಕಾಣುವುದು ಮೆಗಾಬೈಟ್, ಪ್ಲಾನಿನಲ್ಲಿರುವುದು ಮೆಗಾಬಿಟ್. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್.

ಗಾಳಿಯಲ್ಲಿನ ತೊಂದರೆ

ಲ್ಯಾಪ್‌ಟಾಪಿನಲ್ಲಿ ವೈಫೈ ಹಾಕಿ 192.168.1.1ಕ್ಕೆ ಪಿಂಗ್ (ಸಣ್ಣ ಸಂದೇಶ ಕಳಿಸಿ ಉತ್ತರ ಬರುವ ಹೊತ್ತು ಅಳೆಯುವ ಕಮಾಂಡ್) ಮಾಡಿ, ಎರಡು ನಿಮಿಷ ಓಡಲಿ. ಇದು ಹೊರಜಗತ್ತಿಗೆ ಹೋಗದೆ ಪೆಟ್ಟಿಗೆಗೆ ಮುಟ್ಟಿ ವಾಪಸಾಗುವ ಪ್ರಯಾಣ. ಐದಾರು ಮಿಲಿಸೆಕೆಂಡಿನೊಳಗೆ ಉತ್ತರ ಬರುತ್ತಿರಬೇಕು. ನಡುನಡುವೆ 200, 400 ಎಂದು ಜಿಗಿದರೆ, ಉತ್ತರವೇ ಬರದಿದ್ದರೆ, ಮೀಟಿಂಗಿನಲ್ಲಿ ದನಿ ಕತ್ತರಿಸುವುದಕ್ಕೆ ಕಾರಣ ನಿಮ್ಮ ಗೋಡೆಗಳೊಳಗೇ ಇದೆ.

ಪೆಟ್ಟಿಗೆ ಎಲ್ಲಿದೆ ನೋಡಿ. ಲೈನ್‌ಮನ್ ಕೇಬಲ್ ಒಳಬಂದ ಕಿಟಕಿಯ ಪಕ್ಕ ಮೊಳೆ ಹೊಡೆದು ಹೋಗಿರುತ್ತಾನೆ; ಅರ್ಧ ಸಿಗ್ನಲ್ ಬೀದಿಯ ಪಾಲು. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆ, ಹಳೆಯ ಮನೆಗಳ ಕಲ್ಲುಗೋಡೆ, ಸರಳು ತುಂಬಿದ ಆರ್‌ಸಿಸಿ ಚಾವಣಿ ಇವನ್ನು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸುಸ್ತಾಗುತ್ತದೆ. ಸ್ಟೀಲ್ ಬೀರು, ದೊಡ್ಡ ಕನ್ನಡಿ, ಫ್ರಿಜ್ ಇವು ಅಡ್ಡವಿದ್ದರೆ ಹಿಂದೆ ನೆರಳು ಬೀಳುತ್ತದೆ. ನೆಟ್ಟಗೆ ನಿಲ್ಲಿಸಿದ ಆಂಟೆನಾ ಸುತ್ತಲೂ ಉದ್ದಿನವಡೆಯ ಆಕಾರದಲ್ಲಿ ಸಿಗ್ನಲ್ ಹರಡುತ್ತದೆ, ನೇರ ತಲೆಯ ಮೇಲೆ ವಡೆಯ ತೂತು. ಮೇಲಿನ ಮಹಡಿಗೆ ಬೇಕಾದರೆ ಒಂದು ಆಂಟೆನಾವನ್ನು ಅಡ್ಡ ಮಲಗಿಸಿ.

ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಬಗೆಯ ಆಪ್ ಹಾಕಿ ಕೋಣೆ ಕೋಣೆ ಸುತ್ತಿ. ವೈಫೈ ಸಿಗ್ನಲ್ಲಿನ ಬಲ −50 ಡಿಬಿಎಂ ಇದ್ದರೆ ಸೊಗಸು, −67ರವರೆಗೆ ವಿಡಿಯೋ ಕಾಲಿಗೆ ಅಡ್ಡಿಯಿಲ್ಲ, −75ರ ಆಚೆ ಗೋಳು. ಅದೇ ಆಪ್ ನೆರೆಮನೆಯವರ ಚಾನೆಲ್‌ಗಳನ್ನೂ ತೋರಿಸುತ್ತದೆ. ನಮ್ಮಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ 13 ಚಾನೆಲ್‌ಗಳಿದ್ದರೂ ಅಕ್ಕಪಕ್ಕದವುಗಳ ನಡುವೆ ಅಂತರ 5 ಮೆಗಾಹರ್ಟ್ಸ್, ಒಂದೊಂದು ಆಕ್ರಮಿಸುವ ಅಗಲ 20. ಹಾಗಾಗಿ ಒಂದಕ್ಕೊಂದು ತಾಗದಂತೆ ಕೂರುವವು 1, 6, 11. ಈ ಮೂರೂ ತುಂಬಿವೆ, 3 ಖಾಲಿಯಿದೆ ಎಂದು ಅಲ್ಲಿಗೆ ಹೋಗುವುದು ಬುದ್ಧಿವಂತಿಕೆಯಂತೆ ಕಾಣುತ್ತದೆ, ಅಲ್ಲ. ಒಂದೇ ಚಾನೆಲ್‌ನಲ್ಲಿರುವ ರೂಟರುಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಸರದಿಯಲ್ಲಿ ಮಾತಾಡುತ್ತವೆ. ಪಕ್ಕದ ಚಾನೆಲ್‌ನದು ಅರ್ಥವಾಗದ ಗದ್ದಲ. 3ರಲ್ಲಿ ಕೂತವರಿಗೆ 1ರ ಗದ್ದಲವೂ 6ರ ಗದ್ದಲವೂ ಕೇಳುತ್ತದೆ. ಅಗಲವನ್ನು 20ಕ್ಕೇ ಇಡಿ. ಅಪಾರ್ಟ್‌ಮೆಂಟಿನಲ್ಲಿ 40 ಇಟ್ಟರೆ ನಿಮಗೂ ಲಾಭವಿಲ್ಲ, ನೆರೆಯವರಿಗೂ ಕಿರಿಕಿರಿ. ಅಮೆರಿಕದಿಂದ ಮಗಳೋ ಅಳಿಯನೋ ತಂದುಕೊಟ್ಟ ಸಾಧನಕ್ಕೆ ನಿಮ್ಮ ವೈಫೈ ಹೆಸರೇ ಕಾಣದಿದ್ದರೆ ರೂಟರ್ 12 ಅಥವಾ 13ರಲ್ಲಿದೆಯೇ ನೋಡಿ. ಅಲ್ಲಿನ ಎಷ್ಟೋ ಸಾಧನಗಳು 11ರಾಚೆಗೆ ನೋಡುವುದಿಲ್ಲ.

5 ಗಿಗಾಹರ್ಟ್ಸ್ ಹೆಸರು ಇದ್ದಕ್ಕಿದ್ದಂತೆ ಮಾಯವಾಗಿ ಒಂದೆರಡು ನಿಮಿಷದಲ್ಲಿ ಮರಳಿದರೆ ಅದು 52ರಿಂದ 144ರ ನಡುವಿನ ಚಾನೆಲ್‌ನಲ್ಲಿರಬಹುದು. ಅವು ರೇಡಾರ್ ಜೊತೆ ಹಂಚಿಕೊಂಡಿರುವವು. ರೇಡಾರ್ ಸುಳಿವು ಸಿಕ್ಕರೆ ರೂಟರ್ ಜಾಗ ಬಿಟ್ಟು ಓಡಬೇಕು. 36ರಿಂದ 48 ಅಥವಾ 149ರಿಂದ 161ರೊಳಗೆ ಕೂರಿಸಿ.

ಸಿಗ್ನಲ್ ಮುಟ್ಟದ ಕೋಣೆಗೆ ರಿಪೀಟರ್ ಕೊನೆಯ ಆಯ್ಕೆ. ಒಂದೇ ರೇಡಿಯೋದಲ್ಲಿ ಕೇಳಿ ಮತ್ತೆ ಹೇಳುವ ಅಗ್ಗದ ರಿಪೀಟರಿನಲ್ಲಿ ವೇಗ ಅರ್ಧವಾಗುತ್ತದೆ. ಉದ್ದದ ಹಸಿರು ತುದಿಯ ಪ್ಯಾಚ್ ಕಾರ್ಡ್ ಹಾಕಿಸಿ ಪೆಟ್ಟಿಗೆಯನ್ನೇ ಮನೆಯ ನಡುವಿಗೆ ತರುವುದು ಉತ್ತಮ. ಅದಾಗದಿದ್ದರೆ ಹಳೆಯ ರೂಟರನ್ನು ಲ್ಯಾನ್ ಕೇಬಲ್ಲಿನ ತುದಿಗೆ ಹಾಕಿ: ಅದರ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ (ಹೊರಗಿನ ಇಂಟರ್‌ನೆಟ್ ಬರುವ) ಪೋರ್ಟಿಗಲ್ಲದೆ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ, ವೈಫೈ ಹೆಸರು, ಪಾಸ್‌ವರ್ಡ್ ಅದೇ ಇಟ್ಟು ಚಾನೆಲ್ ಮಾತ್ರ ಬೇರೆ ಮಾಡಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡೂ ಪೆಟ್ಟಿಗೆಗಳು ವಿಳಾಸ ಹಂಚಲು ಹೊರಟು, ಕೆಲವು ಫೋನಿಗೆ ನೆಟ್ ಇದೆ ಕೆಲವಕ್ಕಿಲ್ಲ ಎಂಬ ವಿಚಿತ್ರ ಸ್ಥಿತಿ ಬರುತ್ತದೆ.

ಪೆಟ್ಟಿಗೆಯಾಚೆ

ಗೂಗಲ್‌ನ 8.8.8.8ಕ್ಕೆ ಪಿಂಗ್ ಹೋಗುತ್ತದೆ, ವೆಬ್‌ಸೈಟ್ ಹೆಸರು ಕೊಟ್ಟರೆ ಇಲ್ಲ: ಡಿಎನ್ಎಸ್ ದೋಷ. ರೂಟರಿನಲ್ಲಿ ಡಿಎನ್ಎಸ್ ವಿಳಾಸವನ್ನು 8.8.8.8 ಅಥವಾ 1.1.1.1 ಮಾಡಿ. ಲ್ಯಾಪ್‌ಟಾಪಿಗೆ 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ. ಕೆಲವು ಸೈಟ್ ತೆರೆದು ಕೆಲವು ಅರ್ಧಕ್ಕೆ ನಿಂತರೆ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ಪೊಟ್ಟಣದ ಗರಿಷ್ಠ ಗಾತ್ರ) ನೋಡಿ, ಪಿಪಿಪಿಓಇ ಇದ್ದಲ್ಲಿ ಅದು 1492 ಇರಬೇಕು. ಸಿಸಿಟಿವಿಯನ್ನು ಹೊರಗಿನಿಂದ ನೋಡಲು ಪೋರ್ಟ್ ತೆರೆದರೂ ಆಗುತ್ತಿಲ್ಲವೇ? ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಅದು ಹಲವರಿಗೆ ಹಂಚಿದ ವಿಳಾಸ, ನೀವು ಎಷ್ಟು ತಿಣುಕಿದರೂ ಆಗದು. ನಿಮಗೇ ಮೀಸಲಾದ ಸ್ಟ್ಯಾಟಿಕ್ ಐಪಿ ವಿಳಾಸ ಕೇಳಬೇಕು, ಇಲ್ಲವೇ ತಯಾರಕರ ಕ್ಲೌಡ್ ಆಪ್ ಬಳಸಬೇಕು. ಬೆಳಿಗ್ಗೆ ಐದಕ್ಕೆ ಕೇಬಲ್ಲಿನಲ್ಲಿ ಪೂರ್ತಿ ವೇಗ, ರಾತ್ರಿ ಒಂಬತ್ತಕ್ಕೆ ಕಾಲುಭಾಗ ಎಂದರೆ ಕಂಪನಿಯ ದಾರಿ ಕಿಕ್ಕಿರಿದಿದೆ. ಒಂದು ವಾರ ಎರಡೂ ಹೊತ್ತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅದಕ್ಕೂ ಮೊದಲು ತಿಂಗಳ ಡೇಟಾ ಮಿತಿ ಮುಗಿದಿದೆಯೇ ನೋಡಿಕೊಳ್ಳಿ.

ಕಂಪ್ಲೇಂಟ್ ಬರೆಸುವಾಗ

"ನೆಟ್ ಸ್ಲೋ ಇದೆ" ಎಂದರೆ ರೀಸ್ಟಾರ್ಟ್ ಮಾಡಿ ಎಂಬ ಉತ್ತರವೇ ಬರುತ್ತದೆ. ಹೀಗೆ ಹೇಳಿ: "ಆರ್‌ಎಕ್ಸ್ ಪವರ್ −28.4 ಇದೆ, ಕಳೆದ ವಾರ −20 ಇತ್ತು, ಮನೆಯೊಳಗಿನ ಪ್ಯಾಚ್ ಕಾರ್ಡ್ ಬದಲಿಸಿ ನೋಡಿದ್ದೇವೆ, ಪವರ್ ಮೀಟರ್ ಜೊತೆ ಜನ ಕಳಿಸಿ." ಇದಕ್ಕಾಗಿ ಎಲ್ಲ ಸರಿಯಿರುವ ದಿನದ ಸಂಖ್ಯೆ ಗೊತ್ತಿರಬೇಕು. ಇವತ್ತೇ ನೋಡಿ, ದಿನಾಂಕದ ಜೊತೆ ಪೆಟ್ಟಿಗೆಯ ತಳದ ಚೀಟಿಯ ಪಕ್ಕ ಬರೆದು ಅಂಟಿಸಿ. ಲೈನ್‌ಮನ್ ಜೋಡಣೆ ಮುಗಿಸಿ ಹಸಿರು ದೀಪ ತೋರಿಸಿ ಹೊರಡುವ ಮುನ್ನ ಪುಟ ತೆರೆದು ಮತ್ತೆ ನೋಡಿ. ಹಳೆಯ ಸಂಖ್ಯೆಯ ಒಂದು ಡಿಬಿ ಆಚೀಚೆ ಇದ್ದರೆ ಕೆಲಸ ಆಗಿದೆ. ದೀಪ ಹಸಿರಾಗಿಯೂ ಸಂಖ್ಯೆ −26ರಲ್ಲೇ ನಿಂತಿದ್ದರೆ ಕಂಪ್ಲೇಂಟ್ ಮುಚ್ಚುವ ಓಟಿಪಿ ಕೊಡಬೇಡಿ. ಜೋಡಣೆಯನ್ನು ಕತ್ತರಿಸಿ ಇನ್ನೊಮ್ಮೆ ಮಾಡಲು ಹೇಳಿ.